ಉಣುಗೋಲಿನಲ್ಲಿ ನಿಂತು ನರ ಎಣಿಸಿದ್ದು

ಆಷಾಢದ ಒಂದು ಭಾನುವಾರ ತೀರ್ಥಹಳ್ಳಿಯಲ್ಲಿ, ಚರ್ಮದ ಸಣ್ಣ ನರಗಳನ್ನು ಎಣಿಸುವ ಕೆಲಸದ ಬಗ್ಗೆ ಆಡಿದ ಮಾತುಗಳಿವು. ಅರವತ್ತು ಸ್ಲೈಡು ಮಾಡಿಕೊಂಡು ಹೋಗಿದ್ದೆ. ನಾಲ್ಕನೆಯದಕ್ಕೆ ಕರೆಂಟು ಹೋಯಿತು. ಮಳೆಗಾಲದಲ್ಲಿ ನಮ್ಮ ಕಡೆ ಹೋದ ಕರೆಂಟಿಗೆ ಯಾರೂ ಕಾಯುವುದಿಲ್ಲ. ಯಾರೋ ಎಮರ್ಜೆನ್ಸಿ ಲ್ಯಾಂಪು ತಂದಿಟ್ಟು "ನೀವು ಹೇಳಿ ಸಾರ್, ಕೇಳಿಸ್ತದೆ" ಅಂದರು. ಮೈಕ್ರೋಸ್ಕೋಪಿನ ಚಿತ್ರ ತೋರಿಸದೆ ಮೈಕ್ರೋಸ್ಕೋಪಿನ ವಿಷಯ ಹೇಳಬೇಕಾಗಿ ಬಂದದ್ದರಿಂದ ಮಾತು ಕೊಟ್ಟಿಗೆ, ತೋಟ ಅಂತ ಹರಿಯಿತು. ಬರೆಯುವಾಗ ಅದನ್ನು ತಿದ್ದಲು ಹೋಗಿಲ್ಲ.

ಒಂದು ಪ್ರಶ್ನೆಯಿಂದ ಶುರು ಮಾಡಿದೆ. ಉಂಬಳ ಕಚ್ಚಿದ್ದು ನಿಮಗೆ ಯಾವಾಗ ಗೊತ್ತಾಗುತ್ತದೆ? ಸಭೆಯಲ್ಲಿ ನಗು. ಕಚ್ಚುವಾಗ ಗೊತ್ತಾದವರು ಒಬ್ಬರೂ ಇರಲಿಲ್ಲ. ಮನೆಗೆ ಬಂದು ಪಂಚೆ ಮಡಚಿದಾಗ, ಕಾಲ ಬೆರಳ ಸಂದಿಯಲ್ಲಿ ರಕ್ತ ಇಳಿದಾಗ, ಆಗಲೇ. ಅದು ಉಂಬಳದ ಜಾಣತನ, ನಮ್ಮ ನರದ ತಪ್ಪಲ್ಲ. ಆದರೆ ನನ್ನ ದೊಡ್ಡಪ್ಪನ ಕಥೆ ಬೇರೆ.

ದೊಡ್ಡಪ್ಪನಿಗೆ ಸಕ್ಕರೆ ಕಾಯಿಲೆ ಬಂದು ಇಪ್ಪತ್ತು ವರ್ಷದ ಮೇಲಾಗಿತ್ತು. ಮಳೆಗಾಲದಲ್ಲಿ ತೋಟದಿಂದ ಬಂದವರು ಬಚ್ಚಲ ಒಲೆಯ ಮುಂದೆ ಕೂತು ಕಾಲು ಕಾಯಿಸಿಕೊಳ್ಳುವುದು ವಾಡಿಕೆ. ಒಂದು ಸಂಜೆ ಹಾಗೇ ಕೂತಿದ್ದಾರೆ, ಮಾತಾಡುತ್ತ ಎದ್ದು ಹೋಗಿದ್ದಾರೆ. ಬೆಳಿಗ್ಗೆ ದೊಡ್ಡಮ್ಮ ಹಾಸಿಗೆ ಮಡಚುವಾಗ ಬಟ್ಟೆಗೆ ಒದ್ದೆ ಕಂಡಿತು. ಅಂಗಾಲಿನಲ್ಲಿ ನಿಂಬೆಹಣ್ಣಿನಷ್ಟು ದೊಡ್ಡ ಬೊಕ್ಕೆ ಎದ್ದು ಒಡೆದಿತ್ತು. "ಸುಟ್ಟಿದ್ದು ಗೊತ್ತಾಗ್ಲಿಲ್ವಾ?" ಅಂದರೆ "ಇಲ್ವೇ ಇಲ್ಲ ಮಾರಾಯ್ತಿ" ಅಂದರು. ಇಷ್ಟೇ ಆಗಿದ್ದರೆ ಮರಗಟ್ಟಿದೆ ಅಂತ ಸುಮ್ಮನಾಗಬಹುದಿತ್ತು. ಆದರೆ ಇದೇ ಮನುಷ್ಯ ರಾತ್ರಿ ಹನ್ನೊಂದಾದ ಮೇಲೆ ಅದೇ ಪಾದವನ್ನು ಕಂಬಳಿಯಿಂದ ಹೊರಗೆ ಹಾಕಿಕೊಂಡು, ಉರಿ ಉರಿ ಅಂತ, ತಣ್ಣನೆ ಸಿಮೆಂಟು ನೆಲಕ್ಕೆ ಒತ್ತಿ ಹಿಡಿದು ಮಲಗುತ್ತಿದ್ದರು. ಬೆಂಕಿ ಮುಟ್ಟಿದರೆ ಉರಿಯದ ಕಾಲು ಬೆಂಕಿಯಿಲ್ಲದಾಗ ಉರಿಯುತ್ತಿತ್ತು.

ಪೇಟೆಯ ಆಸ್ಪತ್ರೆಯೊಂದರಲ್ಲಿ ಕಾಲಿಗೆ ವಯರು ಹಚ್ಚಿ ನರದ ಪರೀಕ್ಷೆ ಮಾಡಿದರು. ರಿಪೋರ್ಟು ನಾರ್ಮಲ್. ನೈಲಾನ್ ದಾರವೊಂದನ್ನು ಅಂಗಾಲಿಗೆ ಒತ್ತಿದರು. ಹತ್ತು ಗ್ರಾಮಿನಷ್ಟು ಒತ್ತಿದಾಗ ಬಾಗುವ ದಾರ ಅದು. ಕಣ್ಣು ಮುಚ್ಚಿಕೊಂಡೇ "ಹೂಂ, ಹೂಂ" ಅಂದು ದೊಡ್ಡಪ್ಪ ಅದರಲ್ಲೂ ಪಾಸಾದರು. ಹಾಗಾದರೆ ಕಾಯಿಲೆ ಎಲ್ಲಿದೆ? ಮನೆಯಲ್ಲಿ "ವಯಸ್ಸಾಯ್ತು, ಏನೋ ಹೇಳ್ತಾರೆ" ಅನ್ನುವ ತೀರ್ಮಾನಕ್ಕೆ ಬಂದಾಗಿತ್ತು. ನಾನು ಆಗ ಬೆಂಗಳೂರಿನ ಲ್ಯಾಬೊಂದರಲ್ಲಿ ಇಲಿಯ ಅಂಗಾಲಿನ ಚರ್ಮ ಕತ್ತರಿಸಿ ನರ ಎಣಿಸುತ್ತಿದ್ದೆ. ಮನೆಯವರ ತೀರ್ಮಾನ ಎಷ್ಟು ತಪ್ಪು ಎಂದು ನನಗೆ ಅಲ್ಲಿಂದಲೇ ಗೊತ್ತಿತ್ತು.

ನರ ಅಂದರೆ ಒಂದೇ ಜಾತಿಯ ದಾರವಲ್ಲ. ಹೊಸ್ತಿಲಿಗೆ ಎಡವಿದ ಕ್ಷಣ ನೆನಪಿಸಿಕೊಳ್ಳಿ. ಮೊದಲು "ತಾಗಿತು" ಅಂತ ಗೊತ್ತಾಗುತ್ತದೆ. ಅಯ್ಯೋ, ಈಗ ನೋವು ಬರುತ್ತದೆ ಅಂತ ಹಲ್ಲು ಕಚ್ಚಲು ಕೂಡ ಒಂದು ಗಳಿಗೆ ಪುರಸೊತ್ತು ಸಿಗುತ್ತದೆ. ಆಮೇಲೆ ನೋವು ಬರುತ್ತದೆ. ಮುಟ್ಟಿದ ಸುದ್ದಿ ಒಯ್ಯುವುದು ದಪ್ಪ ಎಳೆಗಳು. ಅವುಗಳ ಮೇಲೆ ಕೊಬ್ಬಿನ ಹೊದಿಕೆ ಇದೆ, ಸೆಕೆಂಡಿಗೆ 50 ಮೀಟರಿನ ಆಸುಪಾಸು ಓಡುತ್ತವೆ. ಮಂದವಾದ ಉರಿನೋವು, ಬಿಸಿ ಒಯ್ಯುವುದು ಹೊದಿಕೆಯಿಲ್ಲದ ಸಣ್ಣ ಎಳೆಗಳು. ಸೆಕೆಂಡಿಗೆ ಒಂದು ಮೀಟರು, ಮುದುಕರ ನಡಿಗೆ. ಆಸ್ಪತ್ರೆಯ ವಯರಿನ ಪರೀಕ್ಷೆಗೆ ಕೇಳಿಸುವುದು ದಪ್ಪ ಎಳೆಗಳ ಸದ್ದು ಮಾತ್ರ. ದೊಡ್ಡಪ್ಪನ ದಪ್ಪ ಎಳೆ ಗಟ್ಟಿಯಿದ್ದವು. ಹೋದದ್ದು ಸಣ್ಣವು.

ಹೋಗುವುದೂ ಪಾದದಿಂದಲೇ ಯಾಕೆ? ಅಂಗಾಲಿನ ಚರ್ಮದಲ್ಲಿರುವ ನರದ ತುದಿಗೆ ಜೀವಕೋಶದ ಒಡಲು ಇರುವುದು ಸೊಂಟದ ಹತ್ತಿರ, ಬೆನ್ನುಮೂಳೆಯ ಪಕ್ಕದ ಗಂಟಿನಲ್ಲಿ. ಅಲ್ಲಿಂದ ಬೆರಳಿನ ತುದಿಗೆ ಹತ್ತಿರ ಹತ್ತಿರ ಒಂದು ಮೀಟರ್ ಉದ್ದದ ಎಳೆ. ಬೇಕಾದ ಸಾಮಾನೆಲ್ಲ ಆ ಒಡಲಿನಲ್ಲೇ ತಯಾರಾಗಿ ಎಳೆಯೊಳಗಿನ ಸಣ್ಣ ಕೊಳವೆಗಳ ಮೇಲೆ ಸಾಗಿ ತುದಿಗೆ ಬರಬೇಕು. ಅಬ್ಬಿಯಿಂದ ದಂಬೆಯಲ್ಲಿ ನೀರು ತಂದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನೀರು ಕಮ್ಮಿಯಾದಾಗ ಮೊದಲು ಒಣಗುವುದು ಕೊನೆಯ ತೊಟ್ಟಿ. ಅದಕ್ಕೇ ಮೊದಲು ಬೆರಳು, ಆಮೇಲೆ ಪಾದ, ಕಾಲುಚೀಲ ಏರಿಸಿದ ಹಾಗೆ ಮೇಲೆ ಮೇಲೆ. ಕಾಲಿನದು ಮೊಣಕಾಲಿನ ಹತ್ತಿರ ಬರುವ ಹೊತ್ತಿಗೆ ಕೈಬೆರಳಲ್ಲೂ ಶುರುವಾಗುತ್ತದೆ.

ಈಗ ವಿಷಯಕ್ಕೆ. ಆ ಸಣ್ಣ ಎಳೆಗಳು ಎಷ್ಟು ಉಳಿದಿವೆ ಎಂದು ನೋಡುವುದು ಹೇಗೆ? ಇಲ್ಲಿ ಒಬ್ಬ ಹುಡುಗನ ಕಥೆ ಹೇಳಲೇಬೇಕು. 1868ರಲ್ಲಿ ಬರ್ಲಿನ್ನಿನಲ್ಲಿ ಪಾಲ್ ಲ್ಯಾಂಗರ್‌ಹಾನ್ಸ್ ಎಂಬ ವೈದ್ಯಕೀಯ ವಿದ್ಯಾರ್ಥಿ, ಇಪ್ಪತ್ತೊಂದರ ಆಸುಪಾಸಿನವನು, ಮನುಷ್ಯನ ಚರ್ಮದ ಚೂರಿಗೆ ಚಿನ್ನದ ಕ್ಲೋರೈಡ್ ಹಾಕಿ ಮೈಕ್ರೋಸ್ಕೋಪಿನ ಕೆಳಗಿಟ್ಟ. ಹೊರಚರ್ಮದಲ್ಲಿ ನಕ್ಷತ್ರದಂತೆ ಕೈಕಾಲು ಚಾಚಿದ ಕೋಶಗಳು ಕಂಡವು. ಇವು ನರಕೋಶ ಎಂದು ಬರೆದ. ಅಲ್ಲ. ಅವು ರೋಗ ತಡೆಯುವ ಪಡೆಯ ಕಾವಲುಗಾರರು ಎಂದು ಸ್ಪಷ್ಟವಾಗಲು ನೂರು ವರ್ಷ ಹಿಡಿಯಿತು. ಮರುವರ್ಷ, 1869ರಲ್ಲಿ, ಅದೇ ಹುಡುಗ ಮೇದೋಜೀರಕ ಗ್ರಂಥಿಯಲ್ಲಿ ದ್ವೀಪಗಳಂಥ ಗುಂಪುಗಳನ್ನು ಕಂಡ. ಏನು ಕೆಲಸ ಮಾಡುತ್ತವೆಂದು ಅವನಿಗೂ ತಿಳಿಯಲಿಲ್ಲ. ಇನ್ಸುಲಿನ್ ಬರುವುದು ಅಲ್ಲಿಂದ. ಸಕ್ಕರೆ ಕಾಯಿಲೆಯ ಇಲಿಯ ಅಂಗಾಲು ನೋಡುವವರಿಗೆ ಈ ಪುಣ್ಯಾತ್ಮ ಎರಡು ಕಡೆಯಿಂದ ಎದುರಾಗುತ್ತಾನೆ. ಇಲಿಗೆ ಕಾಯಿಲೆ ಬರಿಸಲು ನಾವು ಕೆಡಿಸುವುದು ಅವನ ದ್ವೀಪಗಳನ್ನು. ನರ ಎಣಿಸುವಾಗ ನಮ್ಮನ್ನು ಕೆಡಿಸುವುದು ಅವನ ನಕ್ಷತ್ರಗಳು. ಅದು ಹೇಗೆ ಅಂತ ಬರುತ್ತೇನೆ.

ಇಲಿಗೆ ಯಾಕೆ ಕಾಯಿಲೆ ಬರಿಸಬೇಕು ಎಂದು ಮುಂದಿನ ಸಾಲಿನ ಅಮ್ಮ ಒಬ್ಬರು ನೇರವಾಗಿ ಕೇಳಿದರು. ನ್ಯಾಯವಾದ ಪ್ರಶ್ನೆ. ದೊಡ್ಡಪ್ಪನ ಕಾಲಿನಿಂದ ಚರ್ಮದ ಚೂರು ತೆಗೆಯಬಹುದು. ಆದರೆ ವಾರಕ್ಕೊಮ್ಮೆ ತೆಗೆಯಲಾಗದು, ಬೆನ್ನಿನ ಗಂಟು ಬಿಚ್ಚಿ ನೋಡಲಾಗದು, ಕಾಯಿಲೆ ಶುರುವಾಗುವ ದಿನ ಹಾಜರಿರಲೂ ಆಗದು. ಹಾಗಾಗಿ ಇಲಿ, ಇಲ್ಲವೇ ಅದಕ್ಕಿಂತ ಸಣ್ಣ ಮೂಷಿಕ. ಸ್ಟ್ರೆಪ್ಟೊಜೊಟೊಸಿನ್ ಎಂಬ ವಸ್ತು ಚುಚ್ಚಿದರೆ ಇನ್ಸುಲಿನ್ ಮಾಡುವ ಕೋಶಗಳು ಸತ್ತು ಕೆಲವೇ ದಿನದಲ್ಲಿ ಸಕ್ಕರೆ ಏರುತ್ತದೆ. ವಂಶದ ದೋಷದಿಂದಲೇ ಬೊಜ್ಜು, ಸಕ್ಕರೆ ಎರಡೂ ಬರುವ ಮೂಷಿಕ ತಳಿಗಳೂ ಇವೆ. ಇನ್ನು ನರ ಕೆಡಿಸುವುದರಲ್ಲಿ ಕ್ಯಾನ್ಸರ್ ಔಷಧಿಗಳದು ಬೇರೆ ದಾರಿ. ನಿಮ್ಮ ಅಂಗಳದಲ್ಲಿ, ದೇವಸ್ಥಾನದ ಎದುರಿಗೆ ನಿತ್ಯಪುಷ್ಪ ಇರುತ್ತದಲ್ಲ, ಅದರಿಂದ ತೆಗೆದ ವಿನ್‌ಕ್ರಿಸ್ಟೀನ್ ಮಕ್ಕಳ ರಕ್ತದ ಕ್ಯಾನ್ಸರಿಗೆ ದೊಡ್ಡ ಮದ್ದು. ಕೋಶ ಎರಡಾಗುವಾಗ ಬೇಕಾಗುವ ಸಣ್ಣ ಕೊಳವೆಗಳು ಕಟ್ಟಿಕೊಳ್ಳದಂತೆ ಅದು ತಡೆಯುತ್ತದೆ. ಪ್ಯಾಕ್ಲಿಟ್ಯಾಕ್ಸೆಲ್ ಎಂಬ ಇನ್ನೊಂದು ಕ್ಯಾನ್ಸರ್ ಮದ್ದು ಉಲ್ಟಾ, ಕಟ್ಟಿದ ಕೊಳವೆ ಬಿಚ್ಚದಂತೆ ಹಿಡಿಯುತ್ತದೆ. ನರದೊಳಗೆ ಸಾಮಾನು ಸಾಗುವುದೂ ಅದೇ ಕೊಳವೆಗಳ ಮೇಲೆ ಅಂದೆನಲ್ಲ. ಕ್ಯಾನ್ಸರ್ ಗೆದ್ದವರು "ಕೈಕಾಲು ಜೋಮು" ಅಂತ ವರ್ಷಗಟ್ಟಲೆ ಹೇಳುವುದರ ಹಿಂದೆ ಈ ಕಥೆ ಇದೆ.

ಕೊನೆಗೆ ಇಲಿಯನ್ನು ಕೊಲ್ಲುತ್ತೇವೆ. ಲ್ಯಾಬಿನಲ್ಲಿ ಅದಕ್ಕೆ 'ಸ್ಯಾಕ್ರಿಫೈಸ್' ಅನ್ನುತ್ತಾರೆ, ಚೌಡಿಗೆ ಕೋಳಿ ಕೊಟ್ಟ ಹಾಗೆ. ಮಾತು ಮೃದು ಮಾಡಿದರೆ ಕೆಲಸ ಮೃದುವಾಗುವುದಿಲ್ಲ. ನಮ್ಮ ದೇಶದಲ್ಲಿ 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ ಕೆಳಗೆ ಸಮಿತಿಯಿದೆ; ಎಷ್ಟು ಇಲಿ, ಯಾಕೆ ಅಷ್ಟೇ, ಕಮ್ಮಿಯಲ್ಲಿ ಆಗದೇ ಎಂದು ಸಂಸ್ಥೆಯ ನೈತಿಕ ಸಮಿತಿಗೆ ಬರೆದು ಕೊಟ್ಟು ಒಪ್ಪಿಗೆ ತರಬೇಕು. ನಾನು ಆ ಅಮ್ಮನಿಗೆ ಹೇಳಿದ್ದು ಇಷ್ಟು: ಕೊಂದ ಇಲಿಯ ನರವನ್ನು ತಪ್ಪಾಗಿ ಎಣಿಸಿದರೆ ಆ ಇಲಿ ಸುಮ್ಮನೆ ಸತ್ತಂತೆ. ಅವರು ತಲೆಯಾಡಿಸಿದರು, ಒಪ್ಪಿದರು ಅಂತೇನೂ ಅಲ್ಲ.

ಎಣಿಸುವ ಕೆಲಸ ಹೀಗೆ. ಇಲಿಯ ಹಿಂಗಾಲಿನ ಅಂಗಾಲು, ಕೂದಲಿಲ್ಲದ ಕಡೆ, ಮೂರು ಮಿಲಿಮೀಟರ್ ಅಗಲದ ಪಂಚಿನಿಂದ ಒತ್ತಿ ಒಂದು ಬಿಲ್ಲೆ ತೆಗೆಯುವುದು. ಮನುಷ್ಯರಲ್ಲೂ ಅದೇ ಅಳತೆಯ ಪಂಚು, ಆದರೆ ಪಾದದ ಹೊರಗಿನ ಗೆಣ್ಣಿನ ಮೂಳೆಯಿಂದ 10 ಸೆಂಟಿಮೀಟರ್ ಮೇಲೆ. ಬಿಲ್ಲೆ ಕೊಳೆಯದಂತೆ ಪಿಕ್ರಿಕ್ ಆಮ್ಲ ಬೆರೆಸಿದ ದ್ರಾವಣಕ್ಕೆ ಹಾಕುತ್ತೇವೆ. ಗ್ಲೌಸು ತೂತಾಗಿದ್ದರೆ ಬೆರಳು ಅರಿಸಿನ ಅರೆದ ಬಣ್ಣ, ನಾಲ್ಕು ದಿನ ಹೋಗುವುದಿಲ್ಲ. ಮದುವೆ ಮನೆಯಲ್ಲಿ ಊಟಕ್ಕೆ ಕೂತಾಗ ಪಕ್ಕದವರು ನೋಡುತ್ತಾರೆ. ಆಮೇಲೆ ಸಕ್ಕರೆ ಪಾಕದಲ್ಲಿ ನೆನೆಸುವುದು. ಹೌದು, ಸಕ್ಕರೆಯೇ, ನೂರಕ್ಕೆ ಮೂವತ್ತು. ಮೊದಲ ದಿನ ಬಿಲ್ಲೆ ತೇಲುತ್ತದೆ. ಪಾಕ ಒಳಗೆ ಇಳಿದಾಗ ತಳಕ್ಕೆ ಮುಳುಗುತ್ತದೆ. ಮುಳುಗದೆ ಕೈ ಹಾಕಬಾರದು. ಹಾಕಿದರೆ ಹೆಪ್ಪುಗಟ್ಟಿಸುವಾಗ ಮಂಜಿನ ಹರಳೆದ್ದು ಚರ್ಮ ಜರಡಿಯಾಗುತ್ತದೆ. ಮೈನಸ್ ಇಪ್ಪತ್ತು ಡಿಗ್ರಿಯ ಪೆಟ್ಟಿಗೆಯೊಳಗೆ ಬ್ಲೇಡಿನಿಂದ ಹಪ್ಪಳಕ್ಕಿಂತ ತೆಳ್ಳಗೆ, ಮಿಲಿಮೀಟರಿನ ಇಪ್ಪತ್ತನೇ ಒಂದು ಭಾಗದಷ್ಟು, ಅಂದರೆ 50 ಮೈಕ್ರಾನ್ ಪದರ ಕತ್ತರಿಸುವುದು. ಇಲಿಯದನ್ನು ಎಷ್ಟೋ ಲ್ಯಾಬುಗಳು ಇನ್ನೂ ತೆಳ್ಳಗೆ ಕತ್ತರಿಸುತ್ತವೆ.

ಆ ಪದರದಲ್ಲಿ ನರ ಬರಿಗಣ್ಣಿಗೂ ಕಾಣದು, ಬರೀ ಮೈಕ್ರೋಸ್ಕೋಪಿಗೂ ಕಾಣದು. ಪಿ.ಜಿ.ಪಿ. 9.5 ಎಂಬ ಪ್ರೋಟೀನು ನರದೊಳಗೆ ದಂಡಿಯಾಗಿ ಇರುತ್ತದೆ. ಅದಕ್ಕೇ ಅಂಟುವ ಪ್ರತಿಕಾಯ ಹಾಕಿ ರಾತ್ರಿಯೆಲ್ಲ ಬಿಟ್ಟು, ಮರುದಿನ ಬಣ್ಣ ಬರಿಸಿದರೆ ನರವೆಲ್ಲ ಕಂದು ಅಥವಾ ಹೊಳೆಯುವ ಹಸಿರು. 1990ರ ಆಸುಪಾಸಿನಲ್ಲಿ ಈ ಬಣ್ಣ ಕೈಗೆ ಸಿಕ್ಕ ಮೇಲೆ ಗೊತ್ತಾಯಿತು: ಹೊರಚರ್ಮದಲ್ಲಿ ನರ ಅಷ್ಟಾಗಿ ಇಲ್ಲ ಅಂತ ಪುಸ್ತಕಗಳು ಹೇಳಿಕೊಂಡು ಬಂದದ್ದು ಸುಳ್ಳು. ಇತ್ತು, ಕಂಡಿರಲಿಲ್ಲ. ನಾನು ಮೊದಲ ಸಲ ನೋಡಿದ ದಿನ ನೆನಪಿದೆ. ಕೆಳಗೆ ಒಳಚರ್ಮದಲ್ಲಿ ನರದ ಕಟ್ಟು, ಬೇಲಿ ಬುಡದ ಬಳ್ಳಿಯಂತೆ ಅಡ್ಡಕ್ಕೆ ಹರಿದಿದೆ. ಅದರಿಂದ ಒಂದೊಂದೇ ಎಳೆ ಎದ್ದು, ಗಡಿ ದಾಟಿ, ಹೊರಚರ್ಮದ ಕೋಶಗಳ ಸಂದಿಯಲ್ಲಿ ನುಸುಳಿ ಮೇಲಕ್ಕೆ. ಮೈತುಂಬ ಸಣ್ಣ ಸಣ್ಣ ಮಣಿ, ಕರಿಮಣಿ ಸರದಂತೆ. ಗಡಿ ದಾಟುವಾಗ ತನ್ನ ಸುತ್ತಿನ ಹೊದಿಕೆ ಕೋಶವನ್ನೂ ಕೆಳಗೇ ಬಿಟ್ಟು ಬರುತ್ತದೆ. ಹೊರಚರ್ಮದಲ್ಲಿ ಅದು ಬರಿಮೈ.

ಎಷ್ಟು ಎಳೆ ಎಂದು ಎಣಿಸುವುದು ಈ ಗಡಿಯಲ್ಲಿ ನಿಂತು. ಇಲ್ಲಿ ನನ್ನ ಕೈಗೆ ಬಂದದ್ದು ಉಣುಗೋಲು, ಅಂದರೆ ಬೇಲಿಯ ಬಾಯಿಗೆ ಅಡ್ಡ ಗಳ ಇಟ್ಟ ಗೇಟು. ಸಂಜೆ ದನ ಬರುವ ಹೊತ್ತಿಗೆ ಉಣುಗೋಲಿನ ಗಳ ಸರಿಸಿ ನಿಂತು ಅಜ್ಜಿ ಎಣಿಸುತ್ತಿದ್ದಳು. ಅವಳ ನಿಯಮ ಬಿಗಿ. ಗಳ ದಾಟಿ ಒಳಗೆ ಬಂದದ್ದು ಲೆಕ್ಕ. ಹೊರಗೆ ಕಟ್ಟೆಯ ಹತ್ತಿರ ಎಷ್ಟು ನಿಂತಿದ್ದರೂ ಲೆಕ್ಕವಲ್ಲ. ಅಂಗಳದಲ್ಲಿ ಒಂದು ದನ ಕಂಡಿತು, ಆದರೆ ಅದು ದಾಟಿದ್ದನ್ನು ನೋಡಲಿಲ್ಲ ಎಂದರೆ ಅದನ್ನು ಸೇರಿಸಬಾರದು. ಯಾರೋ ಆಗಲೇ ಎಣಿಸಿರಬಹುದು. ಒಳಗೆ ಬಂದ ಮೇಲೆ ಕರು ಹಾಕಿದರೆ ಈ ಹೊತ್ತಿನ ಲೆಕ್ಕಕ್ಕೆ ಒಂದೇ. ಹೊರಗೇ ಕರು ಹಾಕಿ ಎರಡೂ ನಡೆದು ಬಂದರೆ ಎರಡು. ನರ ಎಣಿಸುವ ನಿಯಮ ಅಕ್ಷರಶಃ ಇದೇ. ಗಡಿ ದಾಟಿದ ಎಳೆ ಒಂದು. ದಾಟಿದ ಮೇಲೆ ಕವಲೊಡೆದರೂ ಒಂದೇ. ಕೆಳಗೇ ಕವಲೊಡೆದು ಎರಡಾಗಿ ದಾಟಿದರೆ ಎರಡು. ಹೊರಚರ್ಮದಲ್ಲಿ ತೇಲುವ ತುಂಡು, ದಾಟಿದ್ದು ಕಾಣದಿದ್ದರೆ, ಬಿಡಬೇಕು. ಅದು ದಾಟಿದ ಜಾಗ ಪಕ್ಕದ ಪದರದಲ್ಲಿದೆ. ಯುರೋಪಿನ ನರವೈದ್ಯರ ಒಕ್ಕೂಟ ಮನುಷ್ಯರ ಚರ್ಮಕ್ಕೆ ಇದನ್ನು 2005ರಲ್ಲಿ ಬರೆದಿಟ್ಟಿತು, 2010ರಲ್ಲಿ ತಿದ್ದಿತು. ಬಂದ ಸಂಖ್ಯೆಯನ್ನು ಗಡಿಯ ಉದ್ದದಿಂದ ಭಾಗಿಸಿದರೆ ಮಿಲಿಮೀಟರಿಗೆ ಇಷ್ಟು ಎಳೆ. ಆರೋಗ್ಯವಂತರ ಕಣಕಾಲಿನಲ್ಲಿ ಹತ್ತರ ಆಸುಪಾಸು. ಹೆಂಗಸರಲ್ಲಿ ತುಸು ಹೆಚ್ಚು, ವಯಸ್ಸಾದಂತೆ ಇಳಿಕೆ.

ಕೇಳಲು ಸಲೀಸು. ಎಣಿಸಲು ಕೂತರೆ ತಿಳಿಯುತ್ತದೆ. ನಮ್ಮ ಲ್ಯಾಂಗರ್‌ಹಾನ್ಸನ ನಕ್ಷತ್ರಗಳು ಈಗ ಬಂದವು ನೋಡಿ. ಚರ್ಮದ ನರ ಸಾಯುತ್ತಿರುವಾಗ ಆ ಕಾವಲು ಕೋಶಗಳೂ ಪಿ.ಜಿ.ಪಿ. 9.5ರ ಬಣ್ಣ ಹಿಡಿಯುವುದುಂಟು. ಅವುಗಳ ಚಾಚಿದ ಕೈ ಥೇಟು ನರದ ಎಳೆ. 1868ರಲ್ಲಿ ಅವನು ಮಾಡಿದ ತಪ್ಪನ್ನೇ ಎಣಿಸುವವನು ಪ್ರತಿ ದಿನ ಮಾಡಬಹುದು. ಅದೂ ನರ ಕಮ್ಮಿಯಾದ ಇಲಿಯಲ್ಲೇ ಹೆಚ್ಚು, ಅಂದರೆ ನಷ್ಟ ಇದ್ದದ್ದಕ್ಕಿಂತ ಕಡಿಮೆ ಕಾಣುವ ಹಾಗೆ. ಪದರ ಓರೆಯಾಗಿ ಕತ್ತರಿಸಿದರೆ ಇನ್ನೊಂದು ಗೋಳು. ಪದರ ದಪ್ಪವಾದರೆ ದಾಟುವ ಎಳೆ ಹೆಚ್ಚು ಕಾಣುತ್ತವೆ, ಉಣುಗೋಲು ಅಗಲವಾದ ಹಾಗೆ. ಒಂದು ಲ್ಯಾಬಿನ 'ಮಿಲಿಮೀಟರಿಗೆ ಇಷ್ಟು' ಇನ್ನೊಂದರ ಜೊತೆ ಹೋಲಿಸುವುದು ಪಾವಿನಲ್ಲಿ ಅಳೆದ ಅಕ್ಕಿಗೂ ಸೇರಿನಲ್ಲಿ ಅಳೆದ ಅಕ್ಕಿಗೂ ಬರೀ ಅಂಕಿ ಇಟ್ಟು ಜಗಳ ಆಡಿದಂತೆ. ಮನುಷ್ಯರಿಗಾದರೂ ಬರೆದಿಟ್ಟ ಒಂದು ನಿಯಮವಿದೆ. ಇಲಿಯ ಲೋಕದಲ್ಲಿ ಒಬ್ಬ ದಾಟಿದ್ದನ್ನು ಎಣಿಸುತ್ತಾನೆ, ಇನ್ನೊಬ್ಬ ಅಂಗಳದಲ್ಲಿರುವುದನ್ನೆಲ್ಲ ಎಣಿಸುತ್ತಾನೆ, ಇಬ್ಬರೂ ಒಂದೇ ಹೆಸರಿಟ್ಟು ಪ್ರಕಟಿಸುತ್ತಾರೆ.

ಎಲ್ಲಕ್ಕಿಂತ ಕೆಟ್ಟದ್ದು ಎಣಿಸುವವನ ಮನಸ್ಸು. ನನ್ನದೇ ಹೇಳುತ್ತೇನೆ. ಮೊದಲ ವರ್ಷ ನಾನು ಎಣಿಸುವಾಗ ಸ್ಲೈಡಿನ ಮೂಲೆಯಲ್ಲಿ ಪೆನ್ಸಿಲಿನಿಂದ 'ಡಿ' ಅಂತ ಇದ್ದರೆ ಡಯಾಬಿಟಿಸ್ ಇಲಿ, 'ಸಿ' ಅಂತ ಇದ್ದರೆ ಸರಿಯಿರುವ ಇಲಿ. ಬರೆದವನೂ ನಾನೇ. ಒಂದು ಮಸುಕು ಎಳೆ ದಾಟಿತೋ ಇಲ್ಲವೋ ಎಂದು ಅನುಮಾನ ಬಂದಾಗ ಕಣ್ಣು ಮೂಲೆಗೆ ಹೋಗುತ್ತಿತ್ತು. 'ಡಿ' ಇದ್ದರೆ ಇಲ್ಲ ಅನ್ನಿಸುತ್ತಿತ್ತು, 'ಸಿ' ಇದ್ದರೆ ದಾಟಿದ ಹಾಗೇ ಕಾಣುತ್ತಿತ್ತು. ಮೋಸ ಮಾಡುತ್ತಿದ್ದೇನೆ ಎಂದು ಒಮ್ಮೆಯೂ ಅನ್ನಿಸಲಿಲ್ಲ. ಭರ್ಜರಿ ವ್ಯತ್ಯಾಸ ಬಂತು. ಗ್ರಾಫು ನೋಡಿ ಜೊತೆಯವರು ಕಾಫಿ ಕೊಡಿಸು ಅಂದರು. ನಮ್ಮ ಮೇಡಂ ಮಾತ್ರ ಮೂಲೆಯ ಮೇಲೆಲ್ಲ ಟೇಪು ಅಂಟಿಸಿ, ತಾವೇ ಸಂಖ್ಯೆ ಹಾಕಿ, ಕಲೆಸಿ, "ಮತ್ತೆ ಎಣಿಸು" ಅಂದರು. ಎರಡು ತಿಂಗಳ ಕೆಲಸ. ವ್ಯತ್ಯಾಸ ಉಳಿಯಿತು, ಆದರೆ ಸೊರಗಿತು. ಕಾಫಿಯ ಮಾತು ಯಾರೂ ಎತ್ತಲಿಲ್ಲ.

ಆಗಲೇ ಇನ್ನೊಂದು ಪಾಠವೂ ಆಯಿತು. ಎಂಟು ಇಲಿ, ಇಲಿಗೆ ಐದು ಪದರ, ಒಟ್ಟು ನಲವತ್ತು ಲೆಕ್ಕ ಎಂದು ನಾನು ಬರೆದಿದ್ದೆ. ನಲವತ್ತಲ್ಲ, ಎಂಟು. ಒಂದೇ ತೋಟದ ಐದು ಮರ ನೋಡಿ ಐದು ತೋಟ ನೋಡಿದೆ ಅನ್ನಲಾಗದು.

ಇಷ್ಟೆಲ್ಲ ಕೇಳಿದ ಮೇಲೆ, ಎಣಿಕೆ ಸರಿಯಾದರೆ ನೋವಿನ ಲೆಕ್ಕವೂ ಸಿಕ್ಕಿತಲ್ಲ ಎಂದು ಕಾಲೇಜಿನ ಹುಡುಗನೊಬ್ಬ ಕೇಳಿದ. ಇಲ್ಲ. ಇಲಿಯ ನೋವು ಅಳೆಯಲು ಬೇರೆ ದಾರಿ ಇವೆ. 1896ರಲ್ಲಿ ಮ್ಯಾಕ್ಸಿಮಿಲಿಯನ್ ಫಾನ್ ಫ್ರೇ ಕೂದಲುಗಳನ್ನು ಕಡ್ಡಿಯ ತುದಿಗೆ ಕಟ್ಟಿ ಚರ್ಮಕ್ಕೆ ಒತ್ತಿ ನೋಡಿದ. ದೊಡ್ಡಪ್ಪನ ಕಾಲಿಗೆ ಒತ್ತಿದ ನೈಲಾನ್ ದಾರ ಅದರ ಮರಿಮಗ. ಇಲಿಯನ್ನು ಜಾಲರಿಯ ಮೇಲೆ ನಿಲ್ಲಿಸಿ ಕೆಳಗಿನಿಂದ ಅಂಥ ದಾರ ಒತ್ತಿದರೆ ಯಾವ ದಪ್ಪಕ್ಕೆ ಕಾಲು ಎಳೆದುಕೊಳ್ಳುತ್ತದೆ ಎಂದು ನೋಡುತ್ತೇವೆ. ಪ್ಯಾಕ್ಲಿಟ್ಯಾಕ್ಸೆಲ್ ಕೊಟ್ಟ ಇಲಿ, ಅಂಗಾಲಿನ ನರ ಕಳೆದುಕೊಂಡ ಇಲಿ, ಮೊದಲಿಗಿಂತ ಸಣ್ಣ ದಾರಕ್ಕೇ ಕಾಲು ಎಳೆದುಕೊಳ್ಳುತ್ತದೆ. ನರ ಕಮ್ಮಿ, ನೋವು ಜಾಸ್ತಿ. ಉಳಿದ ಗಾಯಾಳು ನರಗಳು ಯಾರೂ ಕರೆಯದಿದ್ದರೂ ಓ ಅನ್ನುತ್ತಿರುತ್ತವೆ. ದೊಡ್ಡಪ್ಪನ ರಾತ್ರಿಯ ಉರಿ ಇದೇ ಇರಬೇಕು.

ಉಲ್ಟಾ ಉದಾಹರಣೆಯೂ ಉಂಟು, ಅದು ನಮ್ಮ ಹಿತ್ತಲಿನದೇ: ಸೂಜಿಮೆಣಸು. ಅದರ ಖಾರ, ಕ್ಯಾಪ್ಸೈಸಿನ್, ನರದ ತುದಿಯಲ್ಲಿ ಬಿಸಿಗೆ ತೆರೆಯುವ ಬಾಗಿಲನ್ನೇ ತಟ್ಟುತ್ತದೆ. ನಾಲಿಗೆಗೆ ಖಾರವೂ ಬಿಸಿಯೂ ಒಂದೇ ಅನ್ನಿಸುವುದು ಅದಕ್ಕೇ. ಆ ಬಾಗಿಲನ್ನು 1997ರಲ್ಲಿ ಗುರುತಿಸಿದ ಡೇವಿಡ್ ಜೂಲಿಯಸ್‌ಗೆ 2021ರಲ್ಲಿ ನೊಬೆಲ್ ಬಂತು. ಕ್ಯಾಪ್ಸೈಸಿನ್ನನ್ನು ಚರ್ಮಕ್ಕೆ ಮತ್ತೆ ಮತ್ತೆ ಹಚ್ಚಿದರೆ ಹೊರಚರ್ಮದ ಎಳೆಗಳು ಉದುರಿ ಹೋಗುತ್ತವೆ. ಬಿಟ್ಟರೆ ವಾರಗಳಲ್ಲಿ ನಿಧಾನ ಬೆಳೆದು ಬರುತ್ತವೆ. ಎಂಟು ಪರ್ಸೆಂಟಿನ ಪಟ್ಟಿಯನ್ನು ಪಾದದ ಉರಿಗೆ ಡಾಕ್ಟರು ಹಚ್ಚುವುದೂ ಉಂಟು. ಅಲ್ಲಿ ನರ ಹೋದದ್ದರಿಂದಲೇ ನೋವು ಇಳಿಯುತ್ತದೆ. ಹಾಗಾಗಿ "ನಮ್ಮ ಔಷಧಿ ಕೊಟ್ಟ ಇಲಿಯಲ್ಲಿ ನರ ಮರಳಿತು, ಅದರಿಂದ ನೋವು ಹೋಯಿತು" ಎಂದು ಒಂದೇ ಉಸಿರಿನಲ್ಲಿ ಹೇಳುವ ಪ್ರಬಂಧ ಕಂಡರೆ ನಾನು ಆ 'ಅದರಿಂದ' ಎಂಬಲ್ಲಿ ನಿಂತುಬಿಡುತ್ತೇನೆ. ಇದನ್ನು ಹೇಳಿದ್ದೇ ತಡ ಹಿಂದಿನಿಂದ ಒಬ್ಬರು "ಹಂಗಾರೆ ಸೂಜಿಮೆಣಸು ಅರೆದು ಕಾಲಿಗೆ ಹಚ್ಚಬಹುದಾ?" ಅಂದರು. ದಯವಿಟ್ಟು ಬೇಡ. ಅರಿವಿಲ್ಲದ ಕಾಲಿಗೆ ಖಾರ ಹಚ್ಚಿ ಹುಣ್ಣು ಮಾಡಿಕೊಂಡರೆ ಅದು ಬೇಗ ಒಣಗುವುದಿಲ್ಲ.

ಪ್ರಶ್ನೆಗಳು ಮುಗಿದವು ಅಂದುಕೊಂಡು ಕೊಡೆ ಹುಡುಕುತ್ತಿದ್ದೆ. ಗೋಡೆಗೆ ಒರಗಿ ಕೂತಿದ್ದ ಒಬ್ಬರು ಎದ್ದರು. ಅಡಿಕೆ ಚೇಣಿ ಹಿಡಿಯುವವರು. ಅಂದರೆ ಫಸಲು ಮರದಲ್ಲಿರುವಾಗಲೇ ತೋಟ ಸುತ್ತಿ, ಕತ್ತೆತ್ತಿ ಕೊನೆ, ಅಂದರೆ ಅಡಿಕೆ ಗೊನೆ, ನೋಡಿ, ಇಷ್ಟು ಕ್ವಿಂಟಾಲು ಆದೀತು ಎಂದು ಹಣ ಕಟ್ಟುವವರು. ತಪ್ಪಿದರೆ ಅವರದೇ ಜೇಬು. ಹೀಗಾಗಿ ಎಣಿಕೆಯ ವಿಷಯದಲ್ಲಿ ನನಗಿಂತ ದೊಡ್ಡ ಪಂಡಿತರು.

"ನೀವು ಗಡಿ ಉದ್ದಕ್ಕೆ ಎಷ್ಟು ಅಂತ ಎಣಿಸ್ತೀರಿ ಅಂದ್ರಲ್ಲ. ನಾವೂ ಮೊದಲು ಮರಕ್ಕೆ ಎಷ್ಟು ಕೊನೆ ಅಂತ ನೋಡ್ತೇವೆ. ಮೂರು, ನಾಲ್ಕು. ಆದರೆ ಅಷ್ಟೇ ನೋಡಿ ದುಡ್ಡು ಕಟ್ಟಿದವ ಮುಳುಗಿದ. ಹೋದ ಮಳೆಗಾಲ ಗಾಳಿಗೆ ಐವತ್ತು ಮರ ಬಿದ್ದಿರ್ತದೆ. ನಿಂತ ಮರದಲ್ಲಿ ಈಗಲೂ ಮೂರು ನಾಲ್ಕು ಕೊನೆನೇ. ಮರ ಎಣಿಸ್ಬೇಕಲ್ವಾ ಸ್ವಾಮಿ ಮೊದಲು?"

ನಾನು ಕೊಡೆ ಕೆಳಗಿಟ್ಟೆ. ತೆಳು ಪದರ ನೋಡಿ ಇಡೀ ವಸ್ತುವಿನ ಲೆಕ್ಕ ಕಟ್ಟುವ ಸ್ಟೀರಿಯಾಲಜಿ ಎಂಬ ಶಾಸ್ತ್ರದಲ್ಲಿ ಇದಕ್ಕೆ ಹೆಸರೇ ಇದೆ. ಸಾಂದ್ರತೆ ಮಾತ್ರ ನೋಡಿ, ಯಾವುದರ ಸಾಂದ್ರತೆ ಎಂಬುದು ಬದಲಾದದ್ದನ್ನು ನೋಡದೆ ಬೀಳುವ ಹೊಂಡ ಅದು. ಸ್ಟ್ರೆಪ್ಟೊಜೊಟೊಸಿನ್ ಚುಚ್ಚಿದ ಇಲಿ ಸೊರಗುತ್ತದೆ, ಬೆಳೆಯುವುದಿಲ್ಲ. ಪಕ್ಕದ ಪಂಜರದ ಸರಿಯಿರುವ ಇಲಿ ದಿನ ದಿನ ಬೆಳೆಯುತ್ತದೆ, ಅಂಗಾಲೂ ಹಿಗ್ಗುತ್ತದೆ. ಅದೇ ಸಂಖ್ಯೆಯ ನರ ಅಗಲವಾದ ಚರ್ಮದಲ್ಲಿ ಹರಡಿಕೊಂಡರೆ ಮಿಲಿಮೀಟರಿಗೆ ಸಿಗುವುದು ಕಮ್ಮಿ. ಸೊರಗಿದ ಇಲಿಯ ಸಣ್ಣ ಪಾದದಲ್ಲಿ ನರ ಕಮ್ಮಿಯಾದರೂ ಒತ್ತೊತ್ತಾಗಿ ಉಳಿಯುತ್ತದೆ. ನಷ್ಟ ಮುಚ್ಚಿಹೋಗುತ್ತದೆ. ಚರ್ಮ ಬಾತರೆ, ಬಣ್ಣ ಹಾಕುವಾಗ ಮುದುಡಿದರೆ ಇನ್ನೊಂದು ತರಹ. ಇದಕ್ಕೆ ಮದ್ದು, ಇಡೀ ಪಾದದ ಮೆತ್ತೆಯನ್ನು ಪದರ ಪದರವಾಗಿ ಕತ್ತರಿಸಿ, ನಿಗದಿ ಅಂತರಕ್ಕೆ ಒಂದೊಂದು ಪದರ ಆರಿಸಿ ಗಾತ್ರ ಕಟ್ಟುವುದು. ಆ ಪದರಗಳಲ್ಲಿ ನರದ ಒಟ್ಟು ಉದ್ದ ಅಂದಾಜು ಮಾಡುವುದು. 1777ರಲ್ಲಿ ಬುಫಾನ್ ಎಂಬ ಫ್ರೆಂಚ್ ಪಂಡಿತ, ಹಲಗೆ ನೆಲಕ್ಕೆ ಸೂಜಿ ಎಸೆದರೆ ಅದು ಹಲಗೆಯ ಗೆರೆ ದಾಟುವ ಸಾಧ್ಯತೆ ಎಷ್ಟು ಎಂದು ಲೆಕ್ಕ ಹಾಕಿದ್ದ. ಇದು ಅದೇ ಯುಕ್ತಿಯ ಮುಂದುವರಿಕೆ. ಈಗ ಕಂಪ್ಯೂಟರು ಪದರದೊಳಗೆ ಕಾಣದ ಗೋಲಿಗಳನ್ನು ಇರಿಸುತ್ತದೆ. ಎಳೆ ಯಾವ ದಿಕ್ಕಿಗೆ ಹರಿದರೂ ಗೋಲಿಯ ಮೈಯನ್ನು ಎಷ್ಟು ಸಲ ದಾಟಿತೆಂದು ಎಣಿಸಿ, ಗೋಲಿಗಳ ಮೇಲ್ಮೈ ವಿಸ್ತೀರ್ಣದಿಂದ ಭಾಗಿಸಿ ಎರಡರಿಂದ ಗುಣಿಸಿದರೆ, ಅಷ್ಟು ಗಾತ್ರದ ಚರ್ಮದಲ್ಲಿ ಇಷ್ಟು ಉದ್ದದ ನರ ಎಂದು ಬರುತ್ತದೆ. ಅದನ್ನು ಇಡೀ ಮೆತ್ತೆಯ ಗಾತ್ರಕ್ಕೆ ಗುಣಿಸಿದಾಗ ತೋಟದ ಲೆಕ್ಕ ಸಿಗುತ್ತದೆ. ಉಣುಗೋಲು ಅಲ್ಲೂ ಇದೆ, ದುಂಡಗಿದೆ ಅಷ್ಟೆ.

ಅವರು ಪೂರ್ತಿ ಕೇಳಿದರು. ಆಮೇಲೆ, "ಸೈ. ಹಂಗಾರೆ ನೀವು ಎರಡು ತಿಂಗಳು ಕೂತು ಮತ್ತೆ ಎಣಿಸಿದ್ರಲ್ಲ, ಆ ಇಲಿಗಳ ಪಾದ ಎಷ್ಟು ದೊಡ್ಡದಿತ್ತು ಬರೆದಿಟ್ಟಿದ್ರಾ?"

ಬರೆದಿಟ್ಟಿರಲಿಲ್ಲ. ಆ ಸ್ಲೈಡುಗಳು ಈಗಲೂ ಲ್ಯಾಬಿನ ಮರದ ಪೆಟ್ಟಿಗೆಯಲ್ಲಿವೆ, ಮೂಲೆಯಲ್ಲಿ ಮೇಡಂ ಅಂಟಿಸಿದ ಟೇಪಿನ ಸಮೇತ.

"ಪಾದ?"

ಮೂರು ಮಿಲಿಮೀಟರಿನ ಬಿಲ್ಲೆ ತೆಗೆದ ಮೇಲೆ ಉಳಿದದ್ದನ್ನು ಹಳದಿ ಚೀಲಕ್ಕೆ ಹಾಕಿ ಸುಡಲು ಕಳಿಸಿದ್ದೆ ಅಂದೆ.